ಅಂಗಡಿಯ ಒಂದೇ ಕಣ್ಣು

ಆ ಗಡಿಯಾರದ ಅಂಗಡಿಗೆ ಇದ್ದದ್ದು ಒಂದೇ ಕಣ್ಣು. ಅದಕ್ಕಾಗಿ ಕಾದಾಡುವ ಸೊಸೆಯರು ಮಾತ್ರ ಇಬ್ಬರು.

ಕಣ್ಣೆಂದರೆ ಐಗ್ಲಾಸು. ಕೈಗಡಿಯಾರ ರಿಪೇರಿ ಮಾಡುವವರು ಕಣ್ಣಿನ ಗುಳಿಯಲ್ಲಿ ಸಿಕ್ಕಿಸಿಕೊಳ್ಳುತ್ತಾರಲ್ಲ, ಹೆಬ್ಬೆರಳಿನಷ್ಟು ದಪ್ಪದ ಪುಟ್ಟ ಭೂತಗನ್ನಡಿ, ಅದು. ಅಂಚು ಕೊಂಬಿನದು. ಮಾವನಿಗೆ ಅದನ್ನು ಅವರ ಗುರು ಕೊಟ್ಟಿದ್ದರಂತೆ, ಕೊಡುವಾಗ ಅದರ ಕಟ್ಟಳೆಗಳನ್ನೂ ಕೊಟ್ಟಿದ್ದರಂತೆ. ಗಾಜನ್ನು ದಿನಕ್ಕೆ ಹತ್ತು ಸಲ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಅಂಚಿಗೆ ನೀರಾಗಲಿ ಸ್ಪಿರಿಟ್ಟಾಗಲಿ ಸೋಕಬಾರದು, ಸೋಕಿದರೆ ಕೊಂಬು ಸೀಳುತ್ತದೆ. ಕಣ್ಣಿನಿಂದ ಜಾರದ ಹಾಗೆ ಅದಕ್ಕೆ ಬೆರಳಲ್ಲಿ ಇಷ್ಟೇ ಇಷ್ಟು ಮೇಣ ಸವರಿದರೆ ಸಾಕು. ಮತ್ತೆ, ಅಂಗಡಿಯೊಳಕ್ಕೆ ಎರಡನೆಯ ಐಗ್ಲಾಸು ಕಾಲಿಡಕೂಡದು.

"ಅಂಗಡಿಗೆ ಎರಡು ಕಣ್ಣಾದ್ರೆ ಎರಡು ಟೈಮ್ ತೋರ್ಸುತ್ತೆ," ಎನ್ನುತ್ತಿದ್ದರು ಮಾವ. ಐವತ್ತು ವರ್ಷ ಅವರೊಬ್ಬರೇ ಹಾಕಿಕೊಂಡ ಕಣ್ಣು ಅದು. ಕೈ ನಡುಗಲು ಶುರುವಾದ ಮೇಲೆ ಹಿರಿಸೊಸೆಗೆ ಕೆಲಸ ಕಲಿಸಿದರು, ಆಮೇಲೆ ಕಿರಿಯವಳಿಗೆ. ಬೆಳಿಗ್ಗೆ ದೊಡ್ಡವಳು, ಮಧ್ಯಾಹ್ನದ ಮೇಲೆ ಚಿಕ್ಕವಳು, ನಡುನಡುವೆ ಪರೀಕ್ಷಿಸಲು ಮಾವ. ಮೂರು ಬಲಗಣ್ಣುಗಳು, ಒಂದು ಐಗ್ಲಾಸು. ಮೇಣದ ತಗಡಿನ ಡಬ್ಬಿಯಲ್ಲಿ ಎಲ್ಲರ ಬೆರಳೂ ಅದ್ದಿ ಅದ್ದಿ ನಡುವೆ ಬಟ್ಟಲಿನಂಥ ಗುಳಿ ಬಿದ್ದಿತ್ತು.

ದೊಡ್ಡವಳು ರಿಪೇರಿಗೆ ಬೆಳಕು ಬೀಳುವ ಕಿಟಕಿಯ ಸೀಟಿನಲ್ಲಿ ಕೂತು ಹನ್ನೊಂದು ವರ್ಷವಾಗಿತ್ತು. ಅವಳ ಗಂಡ ದೂರದೂರಿನ ಬಸ್ಸು ಓಡಿಸುತ್ತಿದ್ದ, ತಿಂಗಳಿಗೆ ನಾಲ್ಕು ದಿನ ಮನೆಗೆ ಬಂದರೆ ಹೆಚ್ಚು. ಉಳಿದ ಇಪ್ಪತ್ತಾರು ದಿನವೂ ಅವಳಿಗೆ ಕಿಟಕಿಯೇ ಸಂಸಾರ. ಚಿಕ್ಕವಳು ಬಂದು ಮೂರು ವರ್ಷ. ಅವಳ ಗಂಡ ಮುಂದಿನ ಕೌಂಟರಿನಲ್ಲಿ ಕೂತು ರಸೀದಿ ಬರೆಯುತ್ತಿದ್ದ. ಹೆಂಡತಿಗೂ ಅತ್ತಿಗೆಗೂ ಹತ್ತಿಕೊಂಡಾಗಲೆಲ್ಲ ಅವನಿಗೆ ಅದೇ ಗಳಿಗೆಯಲ್ಲಿ ಪೆನ್ನಿನ ಇಂಕು ಮುಗಿದುಹೋಗುತ್ತಿತ್ತು, ಹೊಸ ಪೆನ್ನು ತರಲು ಹೊರಟುಬಿಡುತ್ತಿದ್ದ.

ಚಿಕ್ಕವಳಿಗೆ ಐಗ್ಲಾಸಿನೊಳಗೆ ಒಂದು ಊರು ಕಾಣುತ್ತಿತ್ತು. ಹಲ್ಲಿನ ಚಕ್ರಗಳು ಬೀದಿಗಳು, ಕೆಂಪು ಹರಳುಗಳು ದೀಪಗಳು. ಕೂದಲೆಳೆಯಂಥ ಸುರುಳಿ ಸ್ಪ್ರಿಂಗು ಊರಿನ ನಡುವೆ ಕೂತು ಉಸಿರಾಡುವ ರಾಣಿ. ಈ ಮಾತನ್ನು ಬಂದ ಹೊಸತರಲ್ಲಿ ಬಾಯಿತಪ್ಪಿ ಓರಗಿತ್ತಿಯ ಮುಂದೆ ಆಡಿದ್ದಳು. ಅವತ್ತಿನಿಂದ ಅವಳ ಹೆಸರೇ ನಿದ್ದೆಗಣ್ಣಿ ಎಂದಾಯಿತು.

ಹೀಗಿರುವಾಗ ಒಂದು ದಿನ ಮುದಿ ಸೂಲಗಿತ್ತಿಯೊಬ್ಬಳು ಒಂದು ವಾಚು ತಂದಳು. ಎದೆಗೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುವ, ಬಟನ್ನಿಗಿಂತ ಸ್ವಲ್ಪವೇ ದೊಡ್ಡದಾದ ವಾಚು. ಮೂರು ಅಂಗಡಿಯವರು ಆಗಲ್ಲ ಎಂದಿದ್ದರಂತೆ. ಸಾವಿರದಷ್ಟು ಮಕ್ಕಳು ಹುಟ್ಟಿದ ಗಳಿಗೆಯನ್ನು ಅದರಲ್ಲೇ ನೋಡಿ ಬರೆದಿದ್ದೇನೆ, ಮುಂದಿನ ವಾರದ ಶನಿವಾರದೊಳಗೆ ಓಡಿಸಿ ಕೊಡಿ, ಎಂದಳು. ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಇಬ್ಬರು ಸೊಸೆಯರನ್ನೂ ಕರೆದರು.

"ಬರೋ ತಿಂಗಳಿಂದ ನಾನು ಐಗ್ಲಾಸು ಮುಟ್ಟಲ್ಲ. ಬೆಳಿಗ್ಗೆ ಒಬ್ಬಳು ಸಂಜೆ ಒಬ್ಬಳು ಅನ್ನೋ ಆಟನೂ ಸಾಕು. ಇದನ್ನ ಓಡಿಸಿದವಳದ್ದು ಕಿಟಕಿ ಸೀಟು. ಇನ್ನೊಬ್ಬಳು ಒಳಗಡೆ ಗೋಡೆ ಗಡಿಯಾರ ನೋಡ್ಕೊಳ್ಳಿ. ಮೊದಲ ನಾಲ್ಕು ದಿನ ಚಿಕ್ಕವಳು, ಆಮೇಲೆ ನಾಲ್ಕು ದಿನ ದೊಡ್ಡವಳು."

"ಅವಳಿಗ್ಯಾಕೆ ಮೊದಲು?" ಎಂದಳು ದೊಡ್ಡವಳು.

"ನೀನು ಮೊದಲು ಕೂತ್ರೆ ಅವಳಿಗೆ ಮುಟ್ಟಕ್ಕೆ ಬಿಡ್ತೀಯಾ?"

ಕೌಂಟರಿನ ಪೆನ್ನಿನಲ್ಲಿ ಇಂಕು ಮುಗಿಯಿತು.

ಚಿಕ್ಕವಳು ಶುಕ್ರವಾರ ಇಡೀ ದಿನ ಕೂತು ವಾಚನ್ನು ಬಿಚ್ಚಿದಳು. ಶನಿವಾರ ಬೆಳಗಾದಾಗ ಅವಳ ಬಲಗಣ್ಣಿನ ಮೇಲ್ರೆಪ್ಪೆ ಭಾರವಾಗಿತ್ತು. ರೆಪ್ಪೆಗೂದಲಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಕುರು, ಮುಟ್ಟಿದರೆ ಚುಳ್ಳೆನ್ನುವ ನೋವು. ಎರಡು ತಿಂಗಳಲ್ಲಿ ಇದು ಮೂರನೆಯದು. ಐಗ್ಲಾಸು ಸಿಕ್ಕಿಸಿದರೆ ಕಣ್ಣೀರು ಧಾರೆಯಾಗಿ ಚಕ್ರಗಳ ಊರೆಲ್ಲ ಮುಳುಗಿಹೋಗುತ್ತಿತ್ತು. ಆದರೂ ಆ ದಿನವೆಲ್ಲ ಹಲ್ಲುಕಚ್ಚಿ ಅದನ್ನೇ ಸಿಕ್ಕಿಸಿಕೊಂಡು ಕೂತಳು. ಭಾನುವಾರ ಆಗಲಿಲ್ಲ.

"ಬೇರೆಯವರ ಸೀಟಿನ ಮೇಲೆ ಕಣ್ಣು ಹಾಕಿದ್ರೆ ಹಿಂಗೇ ಆಗೋದು," ಎಂದಳು ದೊಡ್ಡವಳು, ಅವಳ ಕೈಯಿಂದ ಚಿಮಟ ಕಿತ್ತುಕೊಳ್ಳುತ್ತ. "ಏಳು. ಇನ್ನೊಂದು ದಿನ ಕೂತ್ರೆ ಆ ವಾಚಿಗೂ ಕುರು ಏಳುತ್ತೆ."

ಸೋಮವಾರ ಚಿಕ್ಕವಳು ಎರಡು ಬೀದಿ ಆಚೆಗಿದ್ದ ಕಣ್ಣಿನ ಕ್ಲಿನಿಕ್ಕಿಗೆ ಹೋದಳು. ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ರೆಪ್ಪೆಯನ್ನು ಮಗುಚಿ, ಟಾರ್ಚು ಬಿಟ್ಟು ನೋಡಿದರು.

"ಹಿಂಡಿದ್ರಾ?"

"ಇಲ್ಲ."

"ಒಳ್ಳೇದು. ಹಿಂಡಬಾರದು. ರೆಪ್ಪೆಗೂದಲ ಬುಡದಲ್ಲಿ ಸಣ್ಣ ಸಣ್ಣ ಎಣ್ಣೆ ಗ್ರಂಥಿ ಇರ್ತವೆ. ಅದರ ಬಾಯಿ ಕಟ್ಕೊಂಡು, ಒಳಗೆ ಬ್ಯಾಕ್ಟೀರಿಯಾ ಸೇರಿ ಕೀವಾಗಿದೆ. ಅಷ್ಟೇ."

"ಕಣ್ಣು ಹಾಕಿದ್ರೆ ಆಗುತ್ತೆ ಅಂತಾರೆ."

"ಯಾರು ಅಂತಾರೆ?"

"ನಮ್ಮ ಓರಗಿತ್ತಿ."

"ಹಂಗಾಗೋ ಹಾಗಿದ್ರೆ ನನ್ನ ಕ್ಲಿನಿಕ್ಕು ರಸ್ತೆವರೆಗೂ ತುಂಬಿರ್ತಿತ್ತು," ಎಂದರು ಡಾಕ್ಟರಮ್ಮ, ನಗದೆ. "ಶುದ್ಧವಾದ ಬಟ್ಟೆ ಬಿಸಿನೀರಲ್ಲಿ ಅದ್ದಿ ಹಿಂಡಿ, ಕಣ್ಣು ಮುಚ್ಚಿ ಇಟ್ಕೊಳ್ಳಿ. ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಸುಡೋ ಅಷ್ಟು ಬಿಸಿ ಬೇಡ. ಒಂದು ವಾರ, ಹತ್ತು ದಿನದಲ್ಲಿ ತಾನೇ ಒಡೆದು ಇಂಗಿ ಹೋಗುತ್ತೆ. ನೋವಿಲ್ಲದ ಗಟ್ಟಿ ಗಂಟಾಗಿ ಉಳಿದ್ರೆ ಬನ್ನಿ, ಅದು ಬೇರೆ. ಇಡೀ ರೆಪ್ಪೆ ಊದಿ ಜ್ವರ ಬಂದ್ರೆ, ದೃಷ್ಟಿ ಮಂಜಾದ್ರೆ, ಅವತ್ತೇ ಬರ್ಬೇಕು." ಬರೆಯುತ್ತಿದ್ದ ಕೈ ನಿಂತಿತು. "ಮೂರನೇ ಸಲ ಅಂದ್ರಲ್ಲ. ಕಣ್ಣಿಗೆ ಏನು ಹಚ್ತೀರಿ?"

"ಏನೂ ಹಚ್ಚಲ್ಲ."

"ಕಣ್ಣಿಗೆ ಏನಾದ್ರೂ ತಾಗುತ್ತಾ? ಕೆಲಸ ಏನು?"

ಚಿಕ್ಕವಳು ಹೇಳಿದಳು. ಐಗ್ಲಾಸು, ಕೊಂಬಿನ ಅಂಚು, ಮೇಣದ ಡಬ್ಬಿ, ಮಾವನ ಐವತ್ತು ವರ್ಷದ ಕಟ್ಟಳೆಗಳು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕೇಳಿಸಿತು.

"ಅಂಚನ್ನ ಎಷ್ಟು ದಿನಕ್ಕೊಮ್ಮೆ ತೊಳೀತೀರಿ?"

"ತೊಳೆಯಲ್ಲ. ಗಾಜು ಒರೆಸ್ತೀವಿ."

"ಕಣ್ಣಿಗೆ ತಾಗದೆ ಇರೋ ಗಾಜನ್ನ ದಿನಕ್ಕೆ ಹತ್ತು ಸಲ ಒರೆಸ್ತೀರಿ. ರೆಪ್ಪೆಗೆ ಒತ್ತಿ ಕೂರೋ ಅಂಚನ್ನ ಐವತ್ತು ವರ್ಷದಿಂದ ಒರೆಸಿಲ್ಲ." ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಇನ್ನೊಬ್ಬರು ಹಾಕ್ಕೊಂಡ್ರೆ ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ಆಗಬಹುದು. ಮೇಣ ಎಸೀರಿ. ಅದನ್ನ ಯಾರೂ ಹಂಚ್ಕೋಬಾರದು. ಮನೇಲಿ ಇವತ್ತೇ ಹೇಳಿ."

ಇವತ್ತೇ ಹೇಳಬೇಕೆಂದುಕೊಂಡೇ ಅವಳು ಬಂದಳು. ದಾರಿಯುದ್ದಕ್ಕೂ ಮಾತನ್ನು ಬಾಯಲ್ಲಿ ಜೋಡಿಸಿಕೊಂಡಳು. 'ಅಕ್ಕ, ಅದನ್ನು ತೆಗೆದಿಡಿ' ಎಂದು ಶುರುಮಾಡುವುದು, ಆಮೇಲೆ ಉಳಿದದ್ದು.

ದೊಡ್ಡವಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಐಗ್ಲಾಸು ಕಣ್ಣಲ್ಲಿತ್ತು. ತಿರುಗದೆಯೇ ಮಾತಾಡಿದಳು.

"ಬಂದ್ಯಾ ನಿದ್ದೆಗಣ್ಣಿ? ಇಲ್ಲಿ ನೋಡು, ಎರಡು ದಿನ ಕೂತು ನೀನು ಮಾಡಿರೋ ಘನಕಾರ್ಯ. ನಿನ್ನ ಕೈಯಲ್ಲಿ ಯಾವುದೂ ಓಡಲ್ಲ ಕಣೆ. ನಿನ್ನ ತವರಿಂದ ಒಂದು ಗೋಡೆ ಗಡಿಯಾರ ತಂದ್ಯಲ್ಲ, ನೀನು ಮುಟ್ಟಿದ್ಮೇಲೆ ನಿಂತ್ಹೋಯ್ತು. ಅದೇ ವರ್ಷ ನಿಮ್ಮಪ್ಪನೂ ನಿಂತ್ಹೋದ."

ಚಿಕ್ಕವಳು ಬಾಗಿಲಲ್ಲೇ ನಿಂತಳು. ಅಪ್ಪನ ಎದೆ ನಿಂತದ್ದು ಬೆಳಗಿನ ಜಾವ, ಮಗಳ ಕೈಯಲ್ಲೇ. ಅದನ್ನು ಅವಳು ಈ ಮನೆಯಲ್ಲಿ ಹೇಳಿದ್ದು ಒಬ್ಬಳಿಗೆ ಮಾತ್ರ, ಬಂದ ಹೊಸತರಲ್ಲಿ, ಅಕ್ಕನೆಂದು ನಂಬಿ.

ದೊಡ್ಡವಳು ಐಗ್ಲಾಸು ಕಿತ್ತು, ಡಬ್ಬಿಗೆ ಬೆರಳದ್ದಿ, ಅಂಚಿಗೆ ಸುತ್ತ ಮೇಣ ಸವರಿ, ಮತ್ತೆ ಕಣ್ಣಿಗೆ ಒತ್ತಿಕೊಂಡಳು.

ಹಾಕ್ಕೋ, ಎಂದುಕೊಂಡಳು ಚಿಕ್ಕವಳು. ಚೆನ್ನಾಗಿ ಒತ್ತಿ ಹಾಕ್ಕೋ.

ಮಂಗಳವಾರ ಅವಳು ಅಡುಗೆಮನೆಯಲ್ಲಿ ಬಿಸಿ ಬಟ್ಟೆ ಹಿಡಿದು ಕೂತಿದ್ದಾಗ, ಕಿಟಕಿಯ ಕಡೆಯಿಂದ ಡಬ್ಬಿಯ ಮುಚ್ಚಳ ಟಕ್ಕೆಂದು ತೆರೆಯುವುದು, ಟಕ್ಕೆಂದು ಮುಚ್ಚುವುದು ಕೇಳಿಸುತ್ತಿತ್ತು. ಒಂದೊಂದು ಟಕ್ಕಿಗೂ ಈಗ ಹೇಳುತ್ತೇನೆ ಎನ್ನಿಸುತ್ತಿತ್ತು. ಅದು ಮುಚ್ಚುವಷ್ಟರಲ್ಲಿ ಇನ್ನೊಂದು ಸಲ ನೋಡೋಣ ಎನ್ನಿಸುತ್ತಿತ್ತು. ಬುಧವಾರ ದೊಡ್ಡವಳು ನೀರು ಕುಡಿಯಲು ಬಂದು, ಯಾವ ಕೊಂಕೂ ಇಲ್ಲದೆ, ಸುಮ್ಮನೆ ಕೇಳಿಬಿಟ್ಟಳು.

"ಡಾಕ್ಟರ್ ಏನಂದ್ರು?"

ಬಟ್ಟೆಯ ಅಡಿಯಿಂದಲೇ ಚಿಕ್ಕವಳು ಉತ್ತರಿಸಿದಳು. "ಬಿಸಿ ಬಟ್ಟೆ ಇಡಕ್ಕೆ ಹೇಳಿದ್ರು. ಅಷ್ಟೇ."

ಆ 'ಅಷ್ಟೇ' ಎಂಬ ಮಾತು ಗಂಟಲಿನಲ್ಲಿ ಎಲ್ಲೂ ತೊಡರಲಿಲ್ಲ. ಅವಳಿಗೇ ಆಶ್ಚರ್ಯವಾಯಿತು.

ಗುರುವಾರ ದೊಡ್ಡವಳ ಬಲಗಣ್ಣು ಕೆಂಪಾಯಿತು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಯ ಅಂಚಿನಲ್ಲಿ ಕುರು ಎದ್ದು ನಿಂತಿತು, ತುದಿಯಲ್ಲಿ ಹಳದಿ ಚುಕ್ಕೆ. ಚಿಕ್ಕವಳ ಎದೆಯೊಳಗೆ ಏನೋ ಒಂದು ಕುಣಿಯಿತು. ಅವಳು ಅದನ್ನು ತಡೆಯಲಿಲ್ಲ.

"ಅಯ್ಯೋ ಅಕ್ಕ, ನೀವ್ಯಾರ ಸೀಟಿನ ಮೇಲೆ ಕಣ್ಣು ಹಾಕಿದ್ರಿ?" ಎಂದಳು.

ದೊಡ್ಡವಳು ಮತ್ತೆ ವಾಚಿನ ಮೇಲೆ ಬಾಗಿದಳು. ವಾಚಿನ ಕೆಲಸ ಮುಕ್ಕಾಲು ಮುಗಿದಿತ್ತು. ಕಣ್ಣೀರು ನಿಲ್ಲುತ್ತಿರಲಿಲ್ಲ. ಅವಳು ಕನ್ನಡಿ ಎದುರಿಗಿಟ್ಟುಕೊಂಡು, ಚಕ್ರ ಎತ್ತುವ ಚಿಮಟದಿಂದಲೇ ರೆಪ್ಪೆಯ ಅಂಚನ್ನು ಹಿಡಿದಳು.

ಅದನ್ನು ನೋಡಿದೊಡನೆ ಚಿಕ್ಕವಳ ಕುಣಿತ ನಿಂತಿತು. "ಹಿಂಡಬೇಡಿ. ಹಿಂಡಬಾರದಂತೆ."

"ನಿನ್ನ ಅಪ್ಪಣೆ ಬೇಕಾ ನಂಗೆ? ಶನಿವಾರದವರೆಗೆ ನಾನು ಕಣ್ಣು ಮುಚ್ಕೊಂಡು ಕೂರ್ಲಿ, ನೀನು ಬಂದು ಕೂತ್ಕೋ. ಅಲ್ವಾ?" ಎಂದವಳೇ ಚಿಮಟವನ್ನು ಬಿಗಿದಳು.

ಶುಕ್ರವಾರ ಬೆಳಿಗ್ಗೆ ದೊಡ್ಡವಳ ಕಣ್ಣು ತೆರೆಯಲಿಲ್ಲ. ಎರಡೂ ರೆಪ್ಪೆ ಊದಿ ಒಂದಾಗಿದ್ದವು, ಕೆಂಪು ಕೆನ್ನೆಯವರೆಗೆ ಇಳಿದಿತ್ತು, ಮೈ ಸುಡುತ್ತಿತ್ತು. ಹಾಗಿದ್ದರೂ ಗೋಡೆ ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದು ಕೂತಳು. ಅಜ್ಜಿಯರ ಕತೆಯಲ್ಲಿ ಬರುವ ಒಕ್ಕಣ್ಣಿನ ರಾಕ್ಷಸಿಯನ್ನು ಚಿಕ್ಕವಳು ಎಷ್ಟೋ ಸಲ ಓರಗಿತ್ತಿಯ ಮುಖದಲ್ಲಿ ಕಲ್ಪಿಸಿ ನಕ್ಕಿದ್ದಳು. ಈಗ ಆ ಮುಖ ನಿಜವಾಗಿಯೂ ಎದುರಿಗಿತ್ತು, ಅದರ ತುಟಿ ನಡುಗುತ್ತಿತ್ತು.

ಮಾವ ಹತ್ತಿರ ಬಂದು ನೋಡಿದರು. "ಎಡಗಣ್ಣಲ್ಲಿ ಹಾಕ್ಕೊಂಡು ಮುಗಿಸು. ಇನ್ನೇನು, ಇವತ್ತೊಂದು ದಿನ."

ದೊಡ್ಡವಳು ಐಗ್ಲಾಸಿಗೆ ಕೈಚಾಚಿದಳು. ಚಿಕ್ಕವಳು ಅದನ್ನು ಕಿತ್ತುಕೊಂಡಳು.

"ಇದನ್ನ ಯಾರೂ ಮುಟ್ಟಬಾರದು. ಇದರ ಅಂಚಿಂದಲೇ ಆಗಿರೋದು. ಏಳಿ, ಡಾಕ್ಟರ ಹತ್ರ ಹೋಗೋಣ. ಈಗಲೇ."

"ಐವತ್ತು ವರ್ಷ ನಾನು ಹಾಕಿದ್ದೀನಿ, ನಂಗೇನಾಯ್ತು?" ಎಂದರು ಮಾವ.

ಕೌಂಟರಿನಿಂದ ಮಗನ ಧ್ವನಿ ಬಂತು, ಅಪರೂಪಕ್ಕೆ. "ನೀವೊಬ್ರೇ ಹಾಕ್ತಿದ್ರಲ್ಲಪ್ಪ." ಹಾಗೆಂದವನೇ ಗಾಡಿ ಕರೆಯಲು ಓಡಿದ.

ಗಾಡಿಯಲ್ಲಿ ದೊಡ್ಡವಳು ಈ ಕಡೆಯ ತುದಿಗೆ, ಚಿಕ್ಕವಳು ಆ ಕಡೆಯ ತುದಿಗೆ. ಗಾಡಿ ಕುಲುಕಿದಾಗ ಹಿಡಿಯಹೋದ ಕೈಯನ್ನು ದೊಡ್ಡವಳು ತಳ್ಳಿದಳು. "ಮುಟ್ಟಬೇಡ. ನೀನು ಮುಟ್ಟಿದ್ದು ನಿಂತುಹೋಗುತ್ತೆ."

ಡಾಕ್ಟರಮ್ಮ ಊದಿದ ರೆಪ್ಪೆಗಳನ್ನು ಎರಡು ಬೆರಳಲ್ಲಿ ಬಿಡಿಸಿದರು. ಮೇಲೆ ನೋಡಿ, ಕೆಳಗೆ ನೋಡಿ, ಈ ಪಕ್ಕ, ಆ ಪಕ್ಕ. ಗುಡ್ಡೆ ಹೊರಳಿಸಿದ್ರೆ ನೋವಾಗುತ್ತಾ? ಈ ಅಕ್ಷರ ಓದಿ. ದೊಡ್ಡವಳು ತಡವರಿಸುತ್ತ ಓದಿದಳು. ಅವಳು ಓದುವ ಒಂದೊಂದು ಅಕ್ಷರಕ್ಕೂ ಚಿಕ್ಕವಳ ಕೈಬೆರಳು ಒಂದನ್ನೊಂದು ಹಿಸುಕುತ್ತಿದ್ದವು.

"ಕಣ್ಣು ಉಳೀತು. ಸೋಂಕು ರೆಪ್ಪೆಯಲ್ಲೇ ಇದೆ, ಹಿಂದಕ್ಕೆ ಹೋಗಿಲ್ಲ. ಹಿಂಡಿ ಹರಡಿಸಿಬಿಟ್ಟಿದ್ದೀರಿ. ಇನ್ನೊಂದು ದಿನ ತಡವಾಗಿದ್ರೆ ನಾನು ಏನೂ ಹೇಳಕ್ಕಾಗ್ತಿರ್ಲಿಲ್ಲ. ಮಾತ್ರೆ ಬರೀತೀನಿ, ಒಂದೂ ತಪ್ಪಿಸಬಾರದು. ನಾಳೆ ಬೆಳಿಗ್ಗೆ ಬಂದು ತೋರಿಸಿ. ಎರಡು ವಾರ ಕಣ್ಣಿನ ಕೆಲಸ ಬೇಡ." ಆಮೇಲೆ ಚಿಕ್ಕವಳ ಕಡೆ ತಿರುಗಿದರು. "ನಿಮಗೆ ಸೋಮವಾರವೇ ಹೇಳಿದ್ನಲ್ಲ, ಆ ಅಂಚಿನ ವಿಷಯ. ಮನೇಲಿ ಹೇಳ್ಲಿಲ್ವಾ?"

ಚಿಕ್ಕವಳು ನೆಲ ನೋಡಿದಳು. ದೊಡ್ಡವಳ ತೆರೆದಿದ್ದ ಒಂದೇ ಕಣ್ಣು ಅವಳ ಮೇಲೆ ನೆಟ್ಟಿತು.

ಸಂಜೆ ಚಿಕ್ಕವಳು ಮಾರುಕಟ್ಟೆಯಿಂದ ಒಂದು ಪ್ಲಾಸ್ಟಿಕ್ ಐಗ್ಲಾಸು ತಂದಳು. ಮಾವ ಗೋಡೆಯ ಕಡೆ ಮುಖ ತಿರುಗಿಸಿ ಕೂತರು, ಬೇಡವೆನ್ನಲಿಲ್ಲ. ಅವಳ ಕುರು ಅಷ್ಟರಲ್ಲಿ ಒಡೆದು ಇಂಗತೊಡಗಿದ್ದರೂ ಬಲಗಣ್ಣಿಗೆ ಏನನ್ನೂ ತಾಗಿಸಬಾರದಾಗಿತ್ತು. ಎಡಗಣ್ಣಿಗೆ ಹೊಸ ಗಾಜು ಸಿಕ್ಕಿಸಿಕೊಂಡು ಶನಿವಾರ ಬೆಳಿಗ್ಗೆ ಕೂತಳು. ದೊಡ್ಡವಳು ಮುಕ್ಕಾಲು ಪಾಲು ಅಚ್ಚುಕಟ್ಟಾಗಿಯೇ ಮಾಡಿದ್ದಳು. ಹೊಟ್ಟೆಕಿಚ್ಚಾಗುವಷ್ಟು ಅಚ್ಚುಕಟ್ಟು. ಉಳಿದದ್ದು ಕೂದಲಿನಂಥ ಸ್ಪ್ರಿಂಗು ಮಾತ್ರ. ಅದರ ಒಂದು ಸುರುಳಿ ಇನ್ನೊಂದಕ್ಕೆ ಅಂಟಿತ್ತು. ಮೂರು ಅಂಗಡಿಯವರೂ, ದೊಡ್ಡವಳೂ ಅದನ್ನು ನೋಡಿರಲಿಲ್ಲ. ಚಿಕ್ಕವಳು ಬಿಡಿಸಿದಳು. ರಾಣಿ ಉಸಿರಾಡತೊಡಗಿದಳು.

ಮಧ್ಯಾಹ್ನ ಸೂಲಗಿತ್ತಿ ಬಂದು ವಾಚನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದಳು. ಅವಳು ಹೋದ ಮೇಲೆ ಮಾವ ಎದ್ದು ಬಂದು ಕಿಟಕಿಯ ಸೀಟಿನ ಬೆನ್ನು ತಟ್ಟಿದರು. "ಚಿಕ್ಕವಳೇ, ಇದು ನಿಂದು."

ಅಡುಗೆಮನೆಯಲ್ಲಿ ದೊಡ್ಡವಳು ಬಿಸಿ ಬಟ್ಟೆ ಇಟ್ಟುಕೊಂಡು ಕೂತಿದ್ದಳು. ಮಾತು ಕೇಳಿಸಿರಬೇಕು. ಚಿಕ್ಕವಳು ನೀರು ಬದಲಿಸಲು ಬಂದಾಗ ಮೆಲ್ಲಗೆ ಕೇಳಿದಳು.

"ಬುಧವಾರ ನಾನು ಕೇಳಿದ್ದೆ. ಮರೆತಿದ್ಯಾ?"

ಹೂಂ ಎಂದರೆ ಮುಗಿಯುತ್ತಿತ್ತು. "ಮರೆತಿರಲಿಲ್ಲ," ಎಂದಳು ಚಿಕ್ಕವಳು.

"ನನ್ನ ಕಣ್ಣು ಹೋಗ್ಲಿ ಅಂತಿದ್ಯಾ?"

"ಹೋಗ್ಲಿ ಅಂತಲ್ಲ. ನಿಮಗೂ ನೋಯ್ಲಿ ಅಂತ."

ದೊಡ್ಡವಳು ಕೂಗಾಡುತ್ತಾಳೆಂದು ಅವಳು ಕಾದಳು. ದೊಡ್ಡವಳು ನಕ್ಕಳು. ಊದಿದ ಮುಖದಲ್ಲಿ ನಗು ಒಂದೇ ಪಕ್ಕಕ್ಕೆ ಎಳೆಯಿತು.

"ನಾನು ಯಾರಿಗೂ ಹೇಳಲ್ಲ ಕಣೆ. ಹೋಗು, ಕೂತ್ಕೋ ಕಿಟಕಿ ಹತ್ರ. ಜೀವನಪೂರ್ತಿ ಕೂತ್ಕೋ. ನಾನು ಒಂದು ಸಲ ಕೆಮ್ಮಿದ್ರೆ ಎದ್ದು ಬರ್ಬೇಕು, ಅಷ್ಟೇ. ನನ್ನ ಬಟ್ಟೆ ಒಗೆಯಕ್ಕೆ, ತಲೆ ಬಾಚಕ್ಕೆ, ನಾನು ಬೈದಾಗ ಬೈಸ್ಕೊಳ್ಳಕ್ಕೆ. ಬರ್ದೇ ಇದ್ರೆ ಮಾವನಿಗೆ ಎರಡು ಮಾತು ಹೇಳ್ತೀನಿ. ನಿನ್ನ ಗಂಡನಿಗೂ."

ಚಿಕ್ಕವಳು ಹೋಗಿ ಕಿಟಕಿಯ ಸೀಟಿನಲ್ಲಿ ಕೂತಳು. ಮೂರು ವರ್ಷದಿಂದ ಬೇಡಿಕೊಂಡಿದ್ದ ಬೆಳಕು ತೊಡೆಯ ಮೇಲೆ ಬಿದ್ದಿತ್ತು. ಒಂದು ಹಳೆಯ ವಾಚು ತೆರೆದು ಗಾಜು ಸಿಕ್ಕಿಸಿಕೊಂಡಳು. ಬೀದಿಗಳು, ದೀಪಗಳು ಇನ್ನೂ ಸರಿಯಾಗಿ ಕಂಡಿರಲಿಲ್ಲ, ಒಳಗಿನಿಂದ ಕೆಮ್ಮು ಕೇಳಿಸಿತು.

ಅವಳ ಕಾಲು ತಾನಾಗಿ ಎದ್ದು ನಿಂತಿತು. ಹೋದಳು. ದೊಡ್ಡವಳು ಖಾಲಿ ಲೋಟ ತೋರಿಸಿದಳು. ತುಂಬಿಕೊಟ್ಟು ಬಂದಳು. ಕೂತಳು. ಮತ್ತೆ ಕೆಮ್ಮು, ಈ ಸಲ ಉದ್ದವಾಗಿ, ರಾಗವಾಗಿ, ರುಚಿ ನೋಡುತ್ತಿರುವಂತೆ.

ಚಿಕ್ಕವಳು ಎದ್ದಳು. ಅಡುಗೆಮನೆಯ ಕಡೆ ತಿರುಗದೆ ನೇರವಾಗಿ ಮಾವನ ಕುರ್ಚಿಯ ಮುಂದೆ ಹೋಗಿ ನಿಂತಳು. ಕೌಂಟರಿನಲ್ಲಿ ಗಂಡನಿದ್ದ, ವಾಚಿನ ಪಟ್ಟಿ ಬದಲಿಸಿಕೊಳ್ಳಲು ಬಂದ ಗಿರಾಕಿಯೂ ಒಬ್ಬನಿದ್ದ.

"ಮಾವ, ಐಗ್ಲಾಸಿನ ಅಂಚಿಂದ ಕಣ್ಣಿನ ಕುರು ಬರುತ್ತೆ ಅಂತ ಡಾಕ್ಟರ್ ಸೋಮವಾರವೇ ಹೇಳಿದ್ರು. ನಾನು ಬೇಕಂತಲೇ ಮುಚ್ಚಿಟ್ಟೆ. ಅಕ್ಕ ಬಾಯಿಬಿಟ್ಟು ಕೇಳಿದ್ರು, ಆಗಲೂ ಹೇಳ್ಲಿಲ್ಲ."

ಗಂಡ ಪೆನ್ನನ್ನು ಅಲುಗಾಡಿಸಿದ, ಅದರಲ್ಲಿ ಇಂಕು ತುಂಬಿತ್ತು. ಮಾವ ಅವಳನ್ನೇ ನೋಡಿದರು. ನಡುಗುವ ಕೈಗಳನ್ನು ಒಂದರ ಮೇಲೊಂದಿಟ್ಟು ಅದುಮಿದರು.

"ಯಾಕೆ?"

"ದ್ವೇಷಕ್ಕೆ."

ಮಾವ ಕಿಟಕಿಯ ಸೀಟಿನ ಕಡೆ ತಿರುಗಿದರು. "ಅವಳ ಕಣ್ಣು ವಾಸಿಯಾಗೋವರೆಗೂ ಆ ಸೀಟು ಖಾಲಿ ಇರ್ಲಿ," ಎಂದರು. "ಆಮೇಲೆ ದೊಡ್ಡವಳು ಕೂರ್ತಾಳೆ. ನೀನು ಒಳಗೆ ಹೋಗು. ನಿನ್ನ ಕೈ ನಂಬ್ತೀನಿ. ನಿನ್ನನ್ನ ನಂಬಲ್ಲ."

ದೊಡ್ಡವಳು ಬಾಗಿಲಿಗೆ ಬಂದು ನಿಂತಿದ್ದಳು, ಒದ್ದೆ ಬಟ್ಟೆ ಕೈಯಲ್ಲಿ ಹಿಂಡಿಕೊಂಡು. ಸೀಟು ತಿರುಗಿ ಬಂದ ಸಂತೋಷ ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ. ಒಂದು ಗಂಟೆಯೂ ಬಾಳದ ಐಶ್ವರ್ಯವನ್ನು ಯಾರೋ ಕಿತ್ತುಕೊಂಡಂತೆ ನಿಂತಿದ್ದಳು.

"ಅದನ್ನ ಹೇಳಕ್ಕೆ ನಿನಗ್ಯಾರೇ ಹೇಳಿದ್ದು?" ಎಂದಳು, ಹಲ್ಲಿನ ಸಂದಿಯಲ್ಲಿ. "ಆ ಗುಟ್ಟು ನಂದಾಗಿತ್ತು."

"ಈಗ ಯಾರದ್ದೂ ಅಲ್ಲ. ಮಾತ್ರೆ ತಗೊಳ್ಳೋ ಹೊತ್ತಾಯ್ತು, ಮರೀಬೇಡಿ," ಎಂದಳು ಚಿಕ್ಕವಳು. ಅವಳನ್ನು ಸವರಿಕೊಂಡೇ ದಾಟಿ, ಗೋಡೆ ಗಡಿಯಾರಗಳು ರಾಶಿ ಬಿದ್ದಿದ್ದ ಒಳಕೋಣೆಗೆ ಹೋಗಿ, ಎಲ್ಲಕ್ಕಿಂತ ದೊಡ್ಡದೊಂದನ್ನು ಎಳೆದು ಮಗ್ಗುಲಾಗಿಸಿ, ಸ್ಕ್ರೂ ತಿರುಗಿಸತೊಡಗಿದಳು.